ಎರಡೂ ಕಣ್ಣು ತೆರೆದು ನೋಡಿದ ಕೆಂಪು ಚುಕ್ಕಿ

ಮೇಲೂರಿನ ಹತ್ತಿರ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಗಾಡಿಗಳು ಓಡಾಡಿ ಕಾಳು ಉದುರಲಿ ಎಂದು ನಮ್ಮ ಕಡೆ ಹಾಗೆ ಹರಡುವುದು ವಾಡಿಕೆ. ನೆಂಟರ ಮನೆಯ ನಾಮಕರಣ ಮುಗಿಸಿ ಶಿಡ್ಲಘಟ್ಟಕ್ಕೆ ಹಿಂತಿರುಗುತ್ತಿದ್ದಾಗ ನಮ್ಮ ಸ್ಕೂಟರು ಆ ಒಣಬಳ್ಳಿಯ ಮೇಲೆ ಜಾರಿತು. ಗಂಡನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾನು ಬಿದ್ದ ರಭಸಕ್ಕೆ ನನ್ನ ಕತ್ತು ಹಿಡಿದುಕೊಂಡಿತು. ಚಿಂತಾಮಣಿಯ ಮೂಳೆ ಡಾಕ್ಟರು ಕೊರಳಿಗೆ ಪಟ್ಟಿ ಹಾಕಿ, "ಕತ್ತು ಎತ್ತಿ ಮೇಲೆ ನೋಡೋದು, ಸೊಟ್ಟಗೆ ತಿರುಗಿಸೋದು, ಎರಡೂ ಬೇಡಮ್ಮ" ಎಂದರು.

ಹೊರಗೆ ಬಂದ ಮೇಲೆ ಗಂಡ ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ನಮ್ಮ ತಾರಸಿಯ ಮೇಲೆ ಒಂದು ಟೆಲಿಸ್ಕೋಪ್ ಇತ್ತು.

ಅದನ್ನು ಅವರೇ ಮಾಡಿದ್ದು. ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟರಾಗಿದ್ದ ಅವರು ಒಂದು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಓಡಾಡಿ, ಅಲ್ಲಿನ ಹವ್ಯಾಸಿಗಳ ಜೊತೆ ಕೂತು ಗಾಜು ತಿಕ್ಕಿ ಕನ್ನಡಿ ತಯಾರಿಸಿದ್ದರು. ದಪ್ಪ ಪ್ಲಾಸ್ಟಿಕ್ ಪೈಪು, ಪ್ಲೈವುಡ್ಡಿನ ಪೀಠ, ಒಂದು ಪುಟ್ಟ ಫೈಂಡರ್. ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ "ಶನಿಗ್ರಹದ ಬಳೆ ನಿಜವಾಗ್ಲೂ ಕಾಣತ್ತಾ?" ಎಂದು ಕೇಳಿದ್ದೆನಂತೆ. ನನಗೆ ನೆನಪಿಲ್ಲ, ಅವರಿಗಿತ್ತು.

ಆದರೆ ಆ ಫೈಂಡರ್ ನನಗೆ ಒಗ್ಗಲೇ ಇಲ್ಲ. ಟೆಲಿಸ್ಕೋಪು ಒಂದು ಸಲಕ್ಕೆ ತೋರಿಸುವುದು ಆಕಾಶದ ತೀರಾ ಸಣ್ಣ ತುಣುಕನ್ನು. ಅದನ್ನು ಸರಿಯಾದ ಕಡೆ ತಿರುಗಿಸಲು ಪಕ್ಕದಲ್ಲೊಂದು ಕಿರಿಯ ದುರ್ಬೀನು ಇರುತ್ತದೆ, ಅದೇ ಫೈಂಡರ್. ನಮ್ಮದರಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತಿತ್ತು. ಮಂಡಿಯೂರಿ, ಕೆನ್ನೆಯನ್ನು ಪೈಪಿಗೆ ಒತ್ತಿ, ಕತ್ತು ತಿರುಚಿ ಒಂದೇ ಕಣ್ಣಲ್ಲಿ ನೋಡಬೇಕು. ಚಂದ್ರನನ್ನು ಬಿಟ್ಟರೆ ನನಗೆ ಏನೂ ಸಿಗುತ್ತಿರಲಿಲ್ಲ. ಇನ್ನು ಕತ್ತಿಗೆ ಪಟ್ಟಿ ಬಿದ್ದ ಮೇಲೆ ಕೇಳುವುದೇ ಬೇಡ. ಗಂಡ ಅದರ ಮೇಲೆ ಹಳೆಯ ಜಮಖಾನ ಹೊದಿಸಿದರು. ನಾನಿಲ್ಲದೆ ತಾವೊಬ್ಬರೇ ನೋಡುವುದಕ್ಕೆ ಅವರಿಗೆ ಮನಸ್ಸಾಗಲಿಲ್ಲ. ನಮ್ಮತ್ತೆ ಅದರ ಮೇಲೆ ಹಪ್ಪಳದ ತಟ್ಟೆ ಇಡತೊಡಗಿದರು.

ನಾನು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಪಟ್ಟಿ ತೆಗೆದರೂ ಕತ್ತು ತಿರುಚುವಂತಿರಲಿಲ್ಲ. ಮತ್ತೆ ಕೆಲಸಕ್ಕೆ ಹೊರಟಾಗ ಬಸ್ಸಿನಲ್ಲಿ ನನಗಾಗಿ ಕಿಟಕಿಯ ಸೀಟು ಹಿಡಿದಿಟ್ಟವರು ನಮ್ಮೂರಿನವರೇ ಆದ ಒಬ್ಬ ಗೆಳತಿ. ಚಿಕ್ಕಬಳ್ಳಾಪುರದ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಮನೆಮಾತು ಉರ್ದು. ನನಗಿಂತ ಚಿಕ್ಕವರಾದರೂ ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬಂದು ಟೆಲಿಸ್ಕೋಪಿನ ಕಥೆ ಹೇಳಿದೆ. ಅವರು ಆ ಫೈಂಡರಿನಲ್ಲಿ ಹೇಗೆ ನೋಡಬೇಕು ಎಂದು ವಿವರವಾಗಿ ಕೇಳಿಕೊಂಡರು.

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕೈಚೀಲದಲ್ಲಿ ಒಂದು ಪುಟ್ಟ ಡಬ್ಬ.

"ಅಕ್ಕ, ಇದಕ್ಕೆ ರಿಫ್ಲೆಕ್ಸ್ ಸೈಟ್ ಅಂತಾರೆ. ದುಬೈಯಿಂದ ಬರೋ ನನ್ನ ತಮ್ಮನಿಗೆ ಹೇಳಿ ತರಿಸ್ದೆ. ಇದ್ರಲ್ಲಿ ಕತ್ತು ತಿರುಚಬೇಕಾಗಿಲ್ಲ."

ಕಾಫಿ ಮಾಡಲು ಒಳಗೆ ಓಡಿದೆ.

ತಾರಸಿಯ ಮೇಲೆ ಜಮಖಾನ ತೆಗೆದೆವು. ಗಂಡ ಹಳೆಯ ಫೈಂಡರ್ ಬಿಚ್ಚಿ ಹೊಸದನ್ನು ಪೈಪಿಗೆ ಅಂಟಿಸಿದರು. ನೋಡಲು ಏನೂ ಇಲ್ಲ. ಓರೆಯಾಗಿ ನಿಲ್ಲಿಸಿದ ಒಂದು ಪಾರದರ್ಶಕ ಗಾಜು, ಅದರ ಹಿಂದೆ ಒಂದು ಸಣ್ಣ ಕೆಂಪು ದೀಪ, ಒಂದು ಗುಂಡಿ, ಎರಡು ತಿರುಪು. ಮೇಡಂ ಅದರ ತತ್ವವನ್ನು ಚೆನ್ನಾಗಿ ವಿವರಿಸಿದರು. ದೀಪದ ಬೆಳಕು ಗಾಜಿನ ಮೇಲೆ ಪ್ರತಿಫಲಿಸಿ, ಎಲ್ಲೋ ಬಹು ದೂರದಿಂದ ಬಂದಂತೆ ನಮ್ಮ ಕಣ್ಣಿಗೆ ಸೇರುತ್ತದಂತೆ. ಆಮೇಲೆ ನಕ್ಕುಬಿಟ್ಟರು. "ಬೋರ್ಡ್ ಮೇಲೆ ಬರೆಯಕ್ಕೆ ಬರತ್ತೆ. ಕೈಯಲ್ಲಿ ಹಿಡಿದಿರೋದು ಇದೇ ಫಸ್ಟ್ ಟೈಮು. ಟೆಲಿಸ್ಕೋಪಲ್ಲಿ ನಾನು ಇವತ್ತಿನವರೆಗೂ ಏನೂ ನೋಡಿಲ್ಲ, ಅಕ್ಕ."

ಹೀಗೆ ಇಬ್ಬರೂ ಕಲಿಯಲು ಕೂತೆವು. ಮೊದಲು ಟೆಲಿಸ್ಕೋಪಿನ ನಡುವಿಗೆ ದೂರದ ನೀರಿನ ಟ್ಯಾಂಕಿನ ತುದಿಯನ್ನು ತಂದೆವು. ಆಮೇಲೆ ಟೆಲಿಸ್ಕೋಪು ಅಲುಗಾಡದಂತೆ ನೋಡಿಕೊಂಡು, ಕೆಂಪು ಚುಕ್ಕಿ ಅದೇ ತುದಿಯ ಮೇಲೆ ಕೂರುವವರೆಗೆ ತಿರುಪು ತಿರುಗಿಸಬೇಕು. ನನಗೆ ಚುಕ್ಕಿಯೇ ಕಾಣಲಿಲ್ಲ. ಹಳೆಯ ಅಭ್ಯಾಸದಿಂದ ಒಂದು ಕಣ್ಣು ಮುಚ್ಚಿ, ಗಾಜಿಗೆ ಮೂಗು ತಾಕುವಷ್ಟು ಹತ್ತಿರ ಹೋಗಿದ್ದೆ.

"ಹಿಂದಕ್ಕೆ ಬನ್ನಿ ಅಕ್ಕ. ಇನ್ನೂ ಹಿಂದಕ್ಕೆ. ಎರಡೂ ಕಣ್ಣು ತೆಗೆದಿಡಿ. ಗಾಜನ್ನ ನೋಡ್ಬೇಡಿ, ಟ್ಯಾಂಕ್ ನೋಡಿ."

ಟ್ಯಾಂಕನ್ನು ನೋಡಿದೆ. ಅದರ ನೆತ್ತಿಯ ಪಕ್ಕದಲ್ಲಿ, ಗಾಳಿಯಲ್ಲಿ ತೇಲುವ ಹಾಗೆ, ಒಂದು ಕೆಂಪು ಚುಕ್ಕಿ ಮೂಡಿತು. ಬೆಚ್ಚಿ ತಲೆ ಅಲ್ಲಾಡಿಸಿದೆ. ಚುಕ್ಕಿ ಟ್ಯಾಂಕಿನ ಪಕ್ಕ ಬಿಟ್ಟು ಕದಲಲಿಲ್ಲ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಗಾಜಿನೊಳಗೆ ಚುಕ್ಕಿ ಜರುಗುತ್ತಿತ್ತು, ಆದರೆ ಟ್ಯಾಂಕಿನ ಪಕ್ಕದಲ್ಲೇ ಇರುತ್ತಿತ್ತು. ತಲೆಯನ್ನು ಒಂದೇ ಕಡೆ ಬಿಗಿಹಿಡಿದು ನೋಯಿಸಿಕೊಳ್ಳಬೇಕಾಗಿಲ್ಲ ಎಂದು ಅರ್ಥವಾದಾಗ ನನ್ನ ಭುಜಗಳು ತಾವಾಗಿ ಸಡಿಲವಾದವು.

ಗಂಡ ಇನ್ನೊಂದು ಉಪಾಯ ಮಾಡಿದರು. ಪ್ಯಾರಾಪಿಟ್ ಗೋಡೆಗೆ ದಿಂಬು ಒರಗಿಸಿ, ಅದರ ಮುಂದೆ ಟೆಲಿಸ್ಕೋಪ್ ಇಟ್ಟರು. ಗೋಡೆಗೊರಗಿ ಕೂತು, ದಿಂಬಿನ ಮೇಲೆ ತಲೆಯಿಟ್ಟರೆ ಕತ್ತಿಗೆ ಭಾರವೇ ಇಲ್ಲ. ಕೈಚಾಚಿದರೆ ಪೈಪಿನ ಬುಡ ಸಿಗುತ್ತಿತ್ತು. ಬುಡವನ್ನು ಎಡಕ್ಕೆ ತಳ್ಳಿದರೆ ತುದಿ ಬಲಕ್ಕೆ ಹೋಗುತ್ತದೆ. ಇದನ್ನು ಕೈಗೆ ಕಲಿಸಲು ಒಂದಷ್ಟು ಸಂಜೆಗಳು ಹಿಡಿದವು.

ಶನಿಯನ್ನು ಹುಡುಕಿದ ಮೊದಲ ಸಂಜೆ ಅದು ಸಿಗಲಿಲ್ಲ. ಕೆಂಪು ಚುಕ್ಕಿ ಸರಿಯಾಗಿ ಅದರ ಮೇಲೆಯೇ ಕೂತಿತ್ತು, ಟೆಲಿಸ್ಕೋಪಿನೊಳಗೆ ನೋಡಿದರೆ ಬರೀ ಕತ್ತಲೆ. ಮರುದಿನ ಬಸ್ಸಿನಲ್ಲಿ ಮೇಡಂ ಯೋಚಿಸಿ, "ಬಿಸಿಲಿಗೆ ಅಂಟು ಮೆತ್ತಗಾಗಿ ಜರುಗಿರ್ಬೇಕು. ಇನ್ನೊಂದ್ಸಲ ಹೊಂದಿಸ್ಕೊಳ್ಳಿ" ಎಂದರು. ಅವತ್ತು ಸಂಜೆ ತಾರಸಿಯ ಮೇಲೆ ಅವರೂ ಇರಲಿಲ್ಲ, ಗಂಡನೂ ಸ್ಕೂಲಿನ ಕೆಲಸದ ಮೇಲೆ ಹೋಗಿದ್ದರು. ಮುಸ್ಸಂಜೆಯಲ್ಲಿ ಪಶ್ಚಿಮಕ್ಕೆ ನಂದಿಬೆಟ್ಟದ ಮೇಲೆ ದೀಪ ಹತ್ತಿದಾಗ ನಾನೊಬ್ಬಳೇ ಆ ದೀಪವನ್ನು ಟೆಲಿಸ್ಕೋಪಿನ ನಡುವಿಗೆ ಹಿಡಿದು ತಿರುಪು ಸರಿ ಮಾಡಿದೆ. ಆಮೇಲೆ ಪೂರ್ವಕ್ಕೆ ತಿರುಗಿಸಿ, ದಿಂಬಿಗೊರಗಿ, ಚುಕ್ಕಿಯ ಬೆಳಕನ್ನು ತಗ್ಗಿಸಿ, ಮಿನುಗದೆ ಉರಿಯುತ್ತಿದ್ದ ಆ ಹಳದಿ ಬೆಳಕಿನ ಮೇಲೆ ಅದನ್ನು ಕೂರಿಸಿದೆ. ಮೆಲ್ಲಗೆ ಎದ್ದು ಕಣ್ಣಿಟ್ಟೆ.

ಇತ್ತು. ಬೇಳೆಕಾಳಿನಷ್ಟು ಚಿಕ್ಕದು, ಅಂಚು ಮಾತ್ರ ಸ್ಪಷ್ಟ. ಸುತ್ತ ಬಳೆ.

"ಅತ್ತೇ! ಬೇಗ ಬನ್ನಿ!" ಎಂದು ಕೂಗಿದೆ.

ಅತ್ತೆ ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದರು. ಶನಿ ಎಂದು ಕೇಳಿದವರೇ ಎರಡು ಹೆಜ್ಜೆ ಹಿಂದೆ ಸರಿದರು. "ಲೋಕವೆಲ್ಲ ಅವನ ಕಣ್ಣಿಗೆ ಬೀಳೋದು ಬೇಡ ಅಂತ ತಪ್ಪಿಸ್ಕೊಳ್ತಾರೆ, ನೀನು ಹುಡುಕ್ಕೊಂಡು ಹೋಗ್ತೀಯಲ್ಲಮ್ಮ!"

"ಅವನು ನಮ್ಮನ್ನ ನೋಡಲ್ಲ ಅತ್ತೆ, ನಾವೇ ನೋಡೋದು."

ಸ್ವಲ್ಪ ಹೊತ್ತು ಅನುಮಾನಿಸಿ, ಸೆರಗು ಬಿಗಿದುಕೊಂಡು ಬಗ್ಗಿದರು. ಕೆಂಚಾರ್ಲಹಳ್ಳಿಯಲ್ಲಿ ಬೆಳೆದ ಅವರಿಗೆ ಸಂತೋಷವಾದರೆ ತೆಲುಗೇ ಬರುವುದು. "ಅಯ್ಯೋ, ಉಂಗರಂ ಪೆಟ್ಟುಕುನ್ನಾಡಮ್ಮಾ!" ಎಂದರು. ಉಂಗುರ ಹಾಕಿಕೊಂಡಿದ್ದಾನೆ! ಗಂಡ ಬರುವಷ್ಟರಲ್ಲಿ ಪಕ್ಕದ ಮನೆಯ ತಾರಸಿಗೂ ಸುದ್ದಿ ಮುಟ್ಟಿಸಿದ್ದರು. ಗಂಡ ಬಹಳ ಹೊತ್ತು ನೋಡಿದರು. ಎದ್ದಾಗ ಕೇಳಿದ್ದು ಒಂದೇ ಪ್ರಶ್ನೆ: "ನೀನೊಬ್ಬಳೇ ಹಿಡಿದೆಯಾ?"

ಮರುದಿನ ಸಂಜೆ ಮೇಡಂ ಬಂದರು. ನೋಡಿ ತಲೆಯೆತ್ತಿ ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದರು. "ಮಕ್ಕಳಿಗೆ ಇಷ್ಟು ವರ್ಷ ಬರೀ ಚಿತ್ರ ಬರೆದು ತೋರಿಸ್ತಿದ್ದೆ" ಎಂದರು. ಆಮೇಲೆ ತಾವೇ ದಿಂಬಿಗೊರಗಿ ಕೂತು ಬೇರೆ ಬೇರೆ ನಕ್ಷತ್ರಗಳ ಮೇಲೆ ಚುಕ್ಕಿ ಕೂರಿಸುವುದನ್ನು ಅಭ್ಯಾಸ ಮಾಡಿದರು. ಒಂದಾದ ಮೇಲೆ ಒಂದು ತಪ್ಪುತ್ತಿತ್ತು. ನಾನು ಹೇಳಿಕೊಡುತ್ತಿದ್ದೆ.

ಮುಂದೆ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಆ ರಂಜಾನಿಗೆ ನನ್ನನ್ನೂ ಗಂಡನನ್ನೂ ಅಲ್ಲಿನ ಮನೆಗೆ ಕರೆದರು. ಟೆಲಿಸ್ಕೋಪನ್ನೂ ಒಂದು ಬಾಡಿಗೆ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದೆವು. ಉಪವಾಸದ ಕೊನೆಯ ಸಂಜೆ, ಚಂದ್ರದರ್ಶನಕ್ಕೆಂದು ಎಲ್ಲರೂ ತಾರಸಿಯ ಮೇಲಿದ್ದರು. ದಿಗಂತದಲ್ಲಿ ಮೋಡದ ಪಟ್ಟಿಗಳು. ಸೂರ್ಯ ಪೂರ್ತಿ ಮುಳುಗಿದ್ದನ್ನು ಖಚಿತ ಮಾಡಿಕೊಂಡ ಮೇಲೆಯೇ ಮುಚ್ಚಳ ತೆಗೆದು, ನಾನು ಮೆಲ್ಲಗೆ ಮೋಡಗಳ ಸಂದಿಯಲ್ಲಿ ಹುಡುಕುತ್ತಾ ಹೋದೆ. ಕಣ್ಣಿಗೆ ಮೊದಲು ಸಿಕ್ಕಿದ್ದು ಉಗುರಿನ ಅಂಚಿನಂಥ ಬೆಳ್ಳಿಗೆರೆ.

"ಸಿಕ್ತು" ಎಂದೆ. ಮೇಡಂ ತಮ್ಮ ತಾಯಿಯವರನ್ನು ಕರೆದರು. ವಯಸ್ಸಾದ ಹೆಂಗಸು, ಕೋಲೂರಿಕೊಂಡು ಹತ್ತಿರ ಬಂದರು. ಟೆಲಿಸ್ಕೋಪಿಗೆ ಮಾತ್ರ ಕಣ್ಣಿಡಲಿಲ್ಲ.

"ಇದ್ರಲ್ಲಿ ನೋಡಿದ್ರೆ ನಂಗೆ ಸಮಾಧಾನ ಇಲ್ಲಮ್ಮ. ನನ್ನ ಕಣ್ಣಲ್ಲೇ ನೋಡ್ಬೇಕು. ಎಲ್ಲಿ ಅಂತ ಹೇಳು ಸಾಕು."

ನಾನು ಬೆರಳು ತೋರಿಸಿದೆ. ಮೋಡಗಳ ನಡುವೆ ಬೆರಳಿನ ಗುರುತು ಯಾರಿಗೆ ತಿಳಿಯಬೇಕು? ಆಗ ಹೊಳೆಯಿತು. ಕೆಂಪು ಚುಕ್ಕಿಯ ಬೆಳಕನ್ನು ಪೂರ್ತಿ ಹೆಚ್ಚಿಸಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಅಮ್ಮ, ಈ ಗಾಜು ಏನನ್ನೂ ದೊಡ್ಡದು ಮಾಡಲ್ಲ. ಬರೀ ಕಿಟಕಿ. ಎರಡೂ ಕಣ್ಣು ತೆಗೆದು ಆಕಾಶ ನೋಡಿ. ಚುಕ್ಕಿ ಎಲ್ಲಿದೆಯೋ ಅಲ್ಲೇ ಇದ್ದಾನೆ" ಎಂದೆ.

ಅವರು ನೋಡಿದರು. ಕಾಣಲಿಲ್ಲ ಎಂದು ತಲೆಯಾಡಿಸಿದರು. ಚುಕ್ಕಿಯ ಬೆಳಕೇ ಆ ಗೆರೆಯನ್ನು ಮರೆಮಾಡಿರಬೇಕು ಎನಿಸಿ, ನಾನು ಗುಂಡಿ ಒತ್ತಿ ಚುಕ್ಕಿಯನ್ನು ಆರಿಸಿದೆ. ಅದು ಇದ್ದ ಜಾಗದಲ್ಲಿ ಅವರ ದೃಷ್ಟಿ ಹಾಗೇ ನಿಂತಿತ್ತು.

"ದಿಖ್ಯಾ!" ಎಂದರು. "ಚಾಂದ್ ದಿಖ್ಯಾ!" ಕಂಡ, ಚಂದ್ರ ಕಂಡ!

ತಾರಸಿಯಿಡೀ ಗದ್ದಲವಾಯಿತು. ಆ ತಾಯಿ ಎರಡೂ ಕೈಯೆತ್ತಿ ಪ್ರಾರ್ಥನೆ ಮುಗಿಸಿ, ನನ್ನ ಕಡೆ ತಿರುಗಿ, ನನ್ನ ಕತ್ತಿನ ಹಿಂದೆ ಅಂಗೈ ಇಟ್ಟು ಸವರಿದರು. ನನಗೆ ನೋವಿತ್ತೆಂದು ಮಗಳು ಅವರಿಗೆ ಯಾವಾಗಲೋ ಹೇಳಿದ್ದರಂತೆ. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಮೇಡಂ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಹೇಳಬೇಕಾದ ಕೃತಜ್ಞತೆಯನ್ನು ಬಸ್ಸಿನಲ್ಲಿ ಎಷ್ಟೋ ಸಲ ಹೇಳಲು ಹೋಗಿ ಬೇರೆ ಮಾತಿಗೆ ಜಾರಿದ್ದೆ. ಅವತ್ತು ಹೇಳಿದೆ. ಅವರು ನನ್ನ ಕೈ ಹಿಡಿದು, "ಬನ್ನಿ ಅಕ್ಕ, ನಾಳೆ ಹಬ್ಬದ ಪಾಯಸಕ್ಕೆ ಸೇಮಿಗೆ ಹುರಿಯಕ್ಕೆ ನನಗೊಬ್ಬರು ಬೇಕು" ಎಂದು ಕೆಳಗೆ ಕರೆದುಕೊಂಡು ಹೋದರು.