ಕಲ್ಲು ತಿಂದರೂ ಕರಗುವ ಹೊಟ್ಟೆ

ಅಜವಾನ ಹುರಿಯುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೇನೋ, ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ಮೊನ್ನೆ ಸಿಂಧನೂರಿನಲ್ಲಿ ಗಿರಿಜಾಳ ಮನೆ ಮುಂದೆ ಆಟೋ ಇಳಿಯುತ್ತಿದ್ದಂತೆ, ಹಿಂದಿನ ರೈಸ್ ಮಿಲ್ಲಿನ ತೌಡಿನ ವಾಸನೆಯನ್ನೂ ಸರಿಸಿಕೊಂಡು ಅದೇ ಘಾಟು ಬಂದು ಮೂಗಿಗೆ ಬಡಿಯಿತು. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಸ್ಕಿಯ ನಮ್ಮ ಹಳೆಯ ಮನೆ, ಅದರ ಪರಸಿ ಕಲ್ಲಿನ ಪಡಸಾಲೆ, ಬೆಳಕಿಂಡಿಯಿಂದ ಇಳಿದು ಮಧ್ಯಾಹ್ನವೆಲ್ಲ ನೆಲದ ಮೇಲೆ ತೆವಳುತ್ತಿದ್ದ ಬಿಸಿಲು, ಆ ಬಿಸಿಲಿನ ಅಂಚಿಗೆ ಕಬ್ಬಿಣದ ಕುಟ್ಟಾಣಿ ಇಟ್ಟುಕೊಂಡು ಕೂತ ಅಮ್ಮ, ಎಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿದವು. ನಮ್ಮ ಮನೆಯಲ್ಲಿ ಹೆತ್ತವಳಿಗೆ ಅವ್ವ, ಅಜ್ಜಿಗೆ ಅಮ್ಮ ಅನ್ನುತ್ತಿದ್ದೆವು. ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ, ಅದರ ಪಕ್ಕ ಬೇಕರಿ. ಅಮ್ಮ ಅದಕ್ಕೂ ಎಷ್ಟೋ ಮೊದಲೇ ಹೋದಳು.

ಗಿರಿಜಾ ನನ್ನ ಚಿಕ್ಕಪ್ಪನ ಮಗಳು, ನನಗಿಂತ ಒಂದು ವರ್ಷ ಸಣ್ಣವಳು. ಇಬ್ಬರೂ ಆ ಮನೆಯಲ್ಲೇ ಬೆಳೆದೆವು. ಅವಳ ಹೊಟ್ಟೆಯೋ, ಅದೊಂದು ನಾಜೂಕಿನ ಹೊಟ್ಟೆ. ಒಂದು ಮಿರ್ಚಿ ಭಜಿ ತಿಂದರೆ ಸಾಕು, ಮುಖ ಸಣ್ಣದು ಮಾಡಿಕೊಂಡು ಮೂಲೆ ಸೇರುತ್ತಿದ್ದಳು. ಆಗ ಅಮ್ಮ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಏಳುತ್ತಿದ್ದಳು. ಅಜವಾನ, ಜೀರಿಗೆ, ಒಣಶುಂಠಿ ಹುರಿದು, ಕರಿಉಪ್ಪು ಸೇರಿಸಿ ಕುಟ್ಟಿಟ್ಟ ಹೊಟ್ಟೆಪುಡಿಯ ಡಬ್ಬಿ ಕೆಳಗಿಳಿಯುತ್ತಿತ್ತು. ಒಂದು ಚಿಟಿಕೆ ಪುಡಿ, ಮೇಲೆ ಬಿಸಿನೀರು. ಆಮೇಲೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪದ ಮೇಲೆ ಬೆಚ್ಚಗೆ ಮಾಡಿ, ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಗಿರಿಜಾಳ ಹೊಟ್ಟೆಯ ಮೇಲಿಡುತ್ತಿದ್ದಳು. ಎಲೆಯ ಮೇಲೆ ಅಂಗೈ ಇಟ್ಟು ಹೊಕ್ಕಳ ಸುತ್ತ ನಿಧಾನ ತಿರುವುತ್ತ, ಶಿವ ಶಿವ ಎನ್ನುತ್ತ, ಅವಳಿಗೆ ನಿದ್ದೆ ಹತ್ತುವವರೆಗೂ ಕೂತಿರುತ್ತಿದ್ದಳು. ನಾನು ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

"ನನಗೂ ಹಚ್ಚಬೇ ಅಮ್ಮ" ಎಂದು ಒಮ್ಮೆ ಕೇಳಿಯೂ ಕೇಳಿದೆ.

"ನಿನಗ್ಯಾಕವ್ವ ಔಷಧ? ನೀ ಕಲ್ಲು ತಿಂದ್ರೂ ಕರಗಸ್ತಿ" ಎಂದಳು.

ಮನೆಯವರೆಲ್ಲ ನಕ್ಕರು. ಅದನ್ನು ಹೊಗಳಿಕೆ ಅಂದುಕೊಂಡಿದ್ದರು ಪುಣ್ಯಾತ್ಮರು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಕುಟ್ಟಾಣಿಯ ಕಟ್ಟಳೆ. ಪುಡಿ ತಿಂದು ಗುಣವಾದವರೇ ಮುಂದಿನ ಪುಡಿ ಕುಟ್ಟಬೇಕು, ಹಾಗೆ ಮಾಡಿದರೆ ಬೇನೆ ಹೊಳ್ಳಿ ಬರುವುದಿಲ್ಲ ಎಂದು ಅಮ್ಮ ನಂಬಿದ್ದಳು. ಗಿರಿಜಾಳ ಬೇನೆ ಹೊಳ್ಳಿ ಹೊಳ್ಳಿ ಬರುತ್ತಲೇ ಇತ್ತು, ಆ ಮಾತು ಬೇರೆ. ಹಾಗಾಗಿ ಕುಟ್ಟುವ ಕೆಲಸ ಯಾವಾಗಲೂ ಅವಳದೇ. ಅಮ್ಮ ಅವಳ ಎದುರಿಗೆ ಕೂತು, ನಡುನಡುವೆ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಪುಡಿ ಹಲ್ಲಿಗೆ ಇಷ್ಟಿಷ್ಟೇ ಸಿಗಬೇಕು, ಹಿಟ್ಟಾಗಬಾರದು. ಹದ ಬಂದಾಗ ರಾಗ ಎಳೆದು "ಸಾಕು" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ. ಒಂದು ದಿನ ಉಡಿ ತುಂಬ ಹಸಿ ಶೇಂಗಾ ತಿಂದು, ಮೇಲೆ ಕೊಡದ ತಣ್ಣೀರು ಕುಡಿದು, ಹೊಟ್ಟೆ ಹಿಡಿಯಲಿ ಎಂದು ಪಡಸಾಲೆಯಲ್ಲಿ ಅಂಗಾತ ಮಲಗಿ ಕಾದೆ. ಹೊತ್ತು ಮುಳುಗಿತು. ಬಂದದ್ದು ಹಸಿವು. ಆ ದರಿದ್ರ ಹೊಟ್ಟೆ ಎಲ್ಲವನ್ನೂ ಕರಗಿಸಿಕೊಂಡು ಕೂತಿತ್ತು. ಅಮ್ಮ ತನ್ನ ತಾಟಿನ ಪಕ್ಕ ನನ್ನನ್ನು ಕೂಡಿಸಿಕೊಂಡು, ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟಳು. "ನೀ ಉಣ್ಣೋದು ನೋಡಿದ್ರ ನನ್ನ ಹೊಟ್ಟಿ ತುಂಬ್ತದ ನೋಡು" ಎಂದಳು. ನನಗೆ ರೊಟ್ಟಿಯ ರುಚಿ ಹತ್ತಲಿಲ್ಲ. ಹಾಸಿಗೆಯ ಮೇಲೆ ಗಂಜಿ ಕುಡಿಯುತ್ತಿದ್ದ ಗಿರಿಜಾಳ ಕಡೆಗೇ ನನ್ನ ಕಣ್ಣು.

ಈಗ ಐವತ್ತು ದಾಟಿದ ಮೇಲೆ ನನ್ನ ಹೊಟ್ಟೆಯೂ ಸೋತಿದೆ. ಉಂಡದ್ದು ಎದೆಗೆ ಬಂದು ನಿಲ್ಲುತ್ತದೆ. ಲಿಂಗಸುಗೂರಿನ ಡಾಕ್ಟರು ತಪಾಸಣೆ ಮಾಡಿಸಿ, ಹೆದರುವಂಥದ್ದೇನಿಲ್ಲ, ಅಜೀರ್ಣ ಅಷ್ಟೇ ಎಂದು ಗುಳಿಗೆ ಬರೆದುಕೊಟ್ಟರು. ಆದರೂ ಬಸ್ಸು ಹತ್ತಿ, ಅಮ್ಮನ ಪುಡಿಯನ್ನು ಈಗಲೂ ಮಾಡಿ ಕೇಳಿದವರಿಗೆ ಕೊಡುವ ಗಿರಿಜಾಳ ಮನೆಗೇ ಬಂದೆ. ಬಂದು ನೋಡಿದರೆ ಪುಡಿಗಾಗಿ ಜವಳಗೇರಾದಿಂದ ಬಂದ ಹೆಣ್ಣುಮಗಳೊಬ್ಬಳು ಮೊದಲೇ ಕೂತಿದ್ದಳು. "ನಿಮ್ಮ ತಂಗಿ ಕೈಗುಣ ಭಾಳ ಚಲೋ ಅದ ರೀ" ಎಂದಳು. ಅದು ಇವಳ ಕೈಗುಣ ಅಲ್ಲವ್ವ, ನಮ್ಮ ಅಮ್ಮಂದು ಎಂದು ಕೂಗಬೇಕೆನ್ನಿಸಿತು. ಹೌದು ಎಂದು ತಲೆ ಆಡಿಸಿದೆ.

ಆಕೆ ಹೋದ ಮೇಲೆ ಗಿರಿಜಾ ನನಗೆ ಪುಡಿ ಕೊಟ್ಟು ಮಲಗಿಸಿದಳು. ಎಲೆ ಕಾಯಿಸಿ, ಕೆನ್ನೆಗೆ ಒತ್ತಿ ನೋಡಿ, ಹೊಟ್ಟೆಯ ಮೇಲಿಟ್ಟು ಅಂಗೈ ತಿರುವಿದಳು. ಅದೇ ಭಾರ, ಅದೇ ನಿಧಾನ. ಕಣ್ಣು ಮುಚ್ಚಿದರೆ ಅಮ್ಮನೇ.

"ಅಕ್ಕ, ಸಣ್ಣಾಕಿ ಇದ್ದಾಗ ನಿನ್ನ ಕಂಡ್ರ ಎಷ್ಟು ಹೊಟ್ಟಿ ಉರೀತಿತ್ತು ಗೊತ್ತೇನು ನನಗ?" ಎಂದಳು ಕೈ ನಿಲ್ಲಿಸದೆ. "ಅಮ್ಮ ತನ್ನ ತಾಟಿನ್ಯಾಗ ನಿನಗೊಬ್ಬಾಕಿಗೆ ಉಣಸ್ತಿದ್ಲು. ನಾ ಗಂಜಿ ಕುಡಕೋತ ನೋಡ್ತಿದ್ದೆ."

ಇದು ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಮರುಗಳಿಗೆ ಮತ್ತೆ ಅದೇ ಉರಿ. ಅಮ್ಮ ನನಗೆ ಉಣಿಸಿದ್ದು ಅಂದೇ ಕರಗಿ ಹೋಯಿತು. ಇವಳಿಗೆ ಕೊಟ್ಟದ್ದು ಇನ್ನೂ ಇವಳ ಕೈಯಲ್ಲಿದೆ.

ಬೆಳಿಗ್ಗೆ ಎದ್ದಾಗ ಹೊಟ್ಟೆ ಹಗುರಾಗಿತ್ತು. ಗಿರಿಜಾ ಅಮ್ಮನ ಕುಟ್ಟಾಣಿಯನ್ನೇ ತಂದು ನನ್ನ ಮುಂದಿಟ್ಟಳು. "ಪುಡಿ ತಿಂದಿ, ಈಗ ಕುಟ್ಟು" ಎಂದಳು. ಹುಡುಗಿಯಾಗಿದ್ದಾಗ ಬೇಡಿದ್ದು ತಲೆ ಬೆಳ್ಳಗಾದ ಮೇಲೆ ಕೈಗೆ ಬಂತು. ನೆಲದ ಮೇಲೆ ಕಾಲು ಚಾಚಿ ಕೂತು ಕುಟ್ಟತೊಡಗಿದೆ. ಗಿರಿಜಾ ಎದುರಿಗೆ ಕೂತು, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಎಳೆದು "ಸಾಕು" ಎಂದಳು. ಆ ಎಳೆತವನ್ನೂ ಇವಳೇ ಕಲಿತಿದ್ದಾಳೆ. ನಾನು ಕೈ ನಿಲ್ಲಿಸಲಿಲ್ಲ.

"ಸಾಕಂದೆನಲ್ಲ ಅಕ್ಕ. ಹಿಟ್ಟಾದ್ರ ಕೆಡ್ತದ."

"ಕೆಟ್ರ ಕೆಡ್ಲಿ" ಎಂದೆ, ಕಣ್ಣು ಮುಚ್ಚಿಕೊಂಡು. "ಇನ್ನೊಂದು ಸಲ ಅನ್ನು."