ತಾಯಿಯ ಉದ್ಯೋಗ ಅನ್ನುವ ಕಾಲಂ

2023ನೇ ಇಸವಿಯ ಜೂನ್ ತಿಂಗಳು. ತೀರ್ಥಹಳ್ಳಿ ಹತ್ತಿರದ ಸರ್ಕಾರಿ ಬೀಜದ ಫಾರಂನಿಂದ ನಾನು ರಿಟೈರಾಗಿ ಆಗಲೇ ನಾಲ್ಕು ವರ್ಷ ಆಗಿತ್ತು. ಅಲ್ಲಿ ಒಟ್ಟು ಮೂವತ್ತೊಂದು ವರ್ಷ ದುಡಿದೆ. ಮೊದಲ ಹನ್ನೊಂದು ವರ್ಷ ದಿನಗೂಲಿ, ಆಮೇಲೆ ಖಾಯಂ. ಕಾಗದದಲ್ಲಿ ನನ್ನ ಹುದ್ದೆ ಗ್ರೂಪ್ ಡಿ. ಕೆಲಸ ಬೀಜದ ಶೆಡ್ಡಿನಲ್ಲಿ. ಬಂದ ಕಾಳು ಕೇರುವುದು, ಕಲಬೆರಕೆ ಆರಿಸುವುದು, ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಅಂತ ಸಾಹೇಬರಿಗೆ ಒಪ್ಪಿಸುವುದು. ಇದಕ್ಕೆ ಜರ್ಮಿನೇಷನ್ ಟೆಸ್ಟ್ ಅನ್ನುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು. ಚೀಲದ ಮೇಲಿನ ಚೀಟಿ ಓದಲು ನನಗೆ ಹೊತ್ತು ಹಿಡಿಯುತ್ತೆ. ಒಳಗಿನ ಕಾಳು ಗುರುತಿಸಲು ಹಿಡಿಯುವುದಿಲ್ಲ. ಚೀಟಿ ಒಂದು, ಕಾಳು ಇನ್ನೊಂದು ಇದ್ದಾಗ ನಾನು ಹೇಳಿದ್ದೇನೆ, ಬೈಸಿಕೊಂಡಿದ್ದೇನೆ, ಮಧ್ಯಾಹ್ನದೊಳಗೆ ಬೈದವರೇ ಬಂದು ಚೀಟಿ ಬದಲಿಸಿದ್ದಾರೆ.

ರಿಟೈರಾದ ಮೇಲೆ ಈ ವಿದ್ಯೆ ಕೆಲಸಕ್ಕೆ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಅಗ್ರಿಕಲ್ಚರ್, ತೋಟಗಾರಿಕೆ ಇಂಥ ಡಿಗ್ರಿಗಳಲ್ಲಿ ಕೃಷಿಕರ ಮಕ್ಕಳಿಗೆ ಅಂತ ಒಂದಿಷ್ಟು ಸೀಟು ಬೇರೆ ಇಟ್ಟಿರುತ್ತಾರೆ. ಕೃಷಿಕ ಕೋಟಾ ಅಂತ ಅದರ ಹೆಸರು. ಅದಕ್ಕೆ ಸಿಇಟಿ ಬರೆದರೆ ಸಾಲದು, ಒಂದು ಪ್ರಾಕ್ಟಿಕಲ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಮೇಜಿನ ಮೇಲೆ ಕಾಳು, ಗೊಬ್ಬರ, ಎಲೆ, ಸಲಕರಣೆ ಇಟ್ಟು ಇದೇನು ಅಂತ ಕೇಳುತ್ತಾರೆ. ಕೃಷಿಕರ ಮಕ್ಕಳಲ್ಲವಾ, ಗೊತ್ತಿರುತ್ತೆ ಅಂತ ಸರ್ಕಾರ ನಂಬಿದೆ. ಎಲ್ಲಿಂದ ಗೊತ್ತಿರಬೇಕು? ನೀನು ಗದ್ದೆಗೆ ಇಳೀಬೇಡ, ಓದ್ಕೋ ಹೋಗು ಅಂತ ಅಟ್ಟಿ ಬೆಳೆಸಿದ ಮಕ್ಕಳು ಅವು. ಅದೂ ಅಲ್ಲದೆ ಪರೀಕ್ಷೆಯಲ್ಲಿ ಬಯಲುಸೀಮೆಯ ಬೆಳೆಯೂ ಇರುತ್ತೆ. ನಮ್ಮ ಕಡೆ ನವಣೆ, ಕುಸುಬೆ ಕಂಡವರು ಯಾರು?

ನಾನು ಫಾರಂ ಬಿಟ್ಟು ಬರುವಾಗ ಮಾತ್ರೆ ಬಾಟಲಿಗಳಲ್ಲಿ ಅರವತ್ತು ಚಿಲ್ಲರೆ ಥರದ ಕಾಳು ತುಂಬಿಸಿ ತಂದಿದ್ದೆ. ಪಕ್ಕದ ಮನೆಯ ಹುಡುಗಿಯೊಬ್ಬಳಿಗೆ ಹೇಳಿಕೊಟ್ಟೆ, ಅವಳು ಪಾಸಾದಳು. ಮರುವರ್ಷದಿಂದ ಜಗುಲಿ ತುಂಬಿತು. ಫೀಸು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಬೈಯಲು ಬಾಯಿ ಬರುವುದಿಲ್ಲ.

ಆ ಜೂನ್‌ನಲ್ಲಿ ಮೇಗರವಳ್ಳಿ ಕಡೆಯಿಂದ ಒಬ್ಬ ತಾಯಿ, ಮಗಳು ಬಸ್ಸಿಳಿದು ಬಂದರು. ತಾಯಿ ಶಾರದ, ಮಗಳು ಅಶ್ವಿನಿ. ಹುಡುಗಿ ಪಿಯುಸಿ ಮುಗಿಸಿ, ಒಂದು ವರ್ಷ ಕೋಚಿಂಗ್‌ನಲ್ಲಿ ಕೂತು, ಎರಡನೇ ಸಲ ನೀಟ್ ಬರೆದಿದ್ದಳು. ಡಾಕ್ಟರ್ ಸೀಟಿಗೆ ಬರೆಯುವ ಪರೀಕ್ಷೆ ಅದು. ಎರಡನೇ ಸಲವೂ ಸಿಗುವಷ್ಟು ನಂಬರು ಬರಲಿಲ್ಲ. ಅಪ್ಪ ಅರ್ಜಿ ಹಾಕಿಸಿದ್ದ ಎರಡು ಖಾಸಗಿ ಯೂನಿವರ್ಸಿಟಿಗಳೂ ಇಲ್ಲ ಅಂದಿದ್ದವು. ಈಗ ಉಳಿದದ್ದು ಸಿಇಟಿ ಒಂದೇ. ಅದರ ಅರ್ಜಿಯಲ್ಲಿ ಹುಡುಗಿ ಅಪ್ಪನಿಗೆ ಹೇಳದೆ ಕೃಷಿಕ ಕೋಟಾಕ್ಕೆ ಗುರುತು ಹಾಕಿದ್ದಳು.

ನಾನು ಹತ್ತು ಥರದ ಕಾಳು ಮೊರದಲ್ಲಿ ಸಾಲಾಗಿ ಇಟ್ಟೆ. ಹುಡುಗಿ ನಾಲ್ಕು ಸರಿ ಹೇಳಿದಳು. ಹುರುಳಿಗೆ ಅಲಸಂದೆ ಅಂದಳು, ಉದ್ದಿಗೆ ಹೆಸರು ಅಂದಳು.

"ಎಂತ ಮಾರಾಯ್ತಿ, ಮನೇಲಿ ಊಟ ಮಾಡ್ತೀಯಾ ಇಲ್ವಾ?" ಅಂದೆ.

"ಅಜ್ಜಿ, ಮೊಬೈಲ್‌ನಲ್ಲಿ ಫೋಟೋ ನೋಡಿ ಕಲ್ತಿದ್ದೆ. ಅದ್ರಲ್ಲಿ ಎಲ್ಲ ಒಂದೇ ಸೈಜ್ ಇತ್ತು."

ಜಗುಲಿ ತುದಿಯಲ್ಲಿ ಕೂತ ಶಾರದ ಬಾಯೊಳಗೇ ಏನೋ ಗೊಣಗುತ್ತಿದ್ದಳು. ಪ್ರತಿ ಕಾಳಿಗೂ ಅವಳ ತುಟಿ ಅಲ್ಲಾಡುತ್ತಿತ್ತು. "ಇಲ್ಲಿ ಬಾ, ನೀನು ಹೇಳು" ಅಂತ ಮೊರ ಅವಳ ಮುಂದೆ ತಳ್ಳಿದೆ. ಒಂಬತ್ತು ಹೇಳಿದಳು. ಹತ್ತನೆಯದು ಕುಸುಬೆ. "ಇದೆಂತದೋ ಸಣ್ಣ ಶಂಖದ ಹಾಗಿದೆ ಗಿರಿಜಕ್ಕ, ಇದು ನಮ್ಮಲ್ಲಿಲ್ಲ" ಅಂದಳು.

"ಎಂತ ಕೆಲಸ ಮಾಡ್ಕೊಂಡಿದ್ದೀಯ?" ಅಂತ ಕೇಳಿದೆ.

"ಎಂತದೂ ಇಲ್ಲ. ಮನೇಲೇ ಇರ್ತೀನಿ."

"ಗದ್ದೆ ಉಂಟಾ?"

"ಒಂದೂಮುಕ್ಕಾಲು ಎಕರೆ."

"ಯಾರು ಮಾಡೋದು?"

"ನಾನೇ."

"ಹಂಗಾದ್ರೆ ಮನೇಲಿ ಯಾವಾಗ ಇರ್ತೀಯ?" ಅಂದೆ. ಹುಡುಗಿ ನಕ್ಕಳು. ತಾಯಿ ನಗಲಿಲ್ಲ, ಸೆರಗು ಸರಿ ಮಾಡಿಕೊಂಡಳು.

ಹನ್ನೆರಡು ದಿನ ಅವರು ಬೆಳಗ್ಗೆಯ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋದರು. ನಾನು ಹುಡುಗಿಯ ಮೊಬೈಲ್ ಕಿತ್ತು ಅಡುಗೆಮನೆ ಗೂಡಿನಲ್ಲಿ ಇಟ್ಟುಬಿಡುತ್ತಿದ್ದೆ. ಕಣ್ಣು ಮುಚ್ಚಿಸಿ ಕೈಯಲ್ಲಿ ಕಾಳು ಉಜ್ಜಿಸುತ್ತಿದ್ದೆ. ಮೂಸಿಸುತ್ತಿದ್ದೆ. ಬಾಯಿಗೆ ಮಾತ್ರ ಹಾಕಬಾರದು, ಗುಲಾಬಿ ಬಣ್ಣ ಹಚ್ಚಿದ ಬೀಜ ಇದ್ದರೆ ಅದಕ್ಕೆ ಔಷಧಿ ಬಳಿದಿದೆ ಅಂತ ಅರ್ಥ. ಯೂರಿಯಾ ನೀರಿಗೆ ಹಾಕಿ ಲೋಟ ಮುಟ್ಟಿಸಿದೆ, ತಣ್ಣಗಾಗುತ್ತೆ. ಹಾಗೆ ಒಮ್ಮೆ ಕೈಗೆ ತಾಗಿದ್ದು ಮರೆಯುವುದಿಲ್ಲ. ಎಂಟನೇ ದಿನಕ್ಕೆ ಹುಡುಗಿ ಅರವತ್ತರಲ್ಲಿ ಐವತ್ತು ದಾಟಿದಳು. ಸೋತು ಸೋತು ಕುಗ್ಗಿದ್ದ ದನಿ ಸ್ವಲ್ಪ ದೊಡ್ಡದಾಯಿತು.

ಹದಿಮೂರನೇ ದಿನ ಬಂದಾಗ ಅವಳ ಕೈಯಲ್ಲಿ ಒಂದು ಕಾಗದ ಇತ್ತು. ಕೋಟಾ ಸಿಗಬೇಕಾದರೆ ನಾಡಕಚೇರಿಯಿಂದ ಕೃಷಿಕರ ಪ್ರಮಾಣಪತ್ರ ಬೇಕು. ಅದಕ್ಕೆ ಹಾಕಿದ ಅರ್ಜಿ ವಾಪಸ್ಸು ಬಂದಿತ್ತು. ಹುಡುಗಿಯೇ ಓದಿ ಹೇಳಿದಳು: ತಂದೆಯ ಉದ್ಯೋಗ ವ್ಯಾಪಾರ ಎಂದು ದಾಖಲೆಗಳಲ್ಲಿ ಇರುವುದರಿಂದ ತಿರಸ್ಕರಿಸಿದೆ.

ಕಚೇರಿಯವರ ತಪ್ಪಿಲ್ಲ. ಅಪ್ಪ ಮಂಜುನಾಥ ಲಗೇಜ್ ಆಟೋ ಓಡಿಸುತ್ತಾನೆ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನದಿಂದ ತಂದೆಯ ಉದ್ಯೋಗ ಅನ್ನುವಲ್ಲಿ ಬಿಸಿನೆಸ್ ಅಂತಲೇ ಬರೆಸಿದ್ದಾನೆ. ತಾಯಿಯ ಉದ್ಯೋಗ ಗೃಹಿಣಿ. ಶಾಲೆ, ಕಾಲೇಜು, ವಿದ್ಯಾರ್ಥಿವೇತನ, ಎಲ್ಲ ಕಡೆ ಅದೇ. ಹೊಸ ಅರ್ಜಿ ಹಾಕಿ ಪತ್ರ ತರಲು ಉಳಿದಿದ್ದು ಒಂಬತ್ತು ದಿನ.

"ಪಹಣಿ ಯಾರ ಹೆಸರಲ್ಲಿದೆ?" ಅಂತ ಕೇಳಿದೆ. ಪಹಣಿ ಅಂದರೆ ಜಮೀನು ಯಾರದು, ಏನು ಬೆಳೆ ಅಂತ ಹೇಳುವ ಸರ್ಕಾರದ ಕಾಗದ.

"ನನ್ನ ಹೆಸರಲ್ಲಿ" ಅಂದಳು ಶಾರದ. "ಗೇಣಿ ಮಾಡ್ತಿದ್ದ ಗದ್ದೆ, ಉಳುವವನೇ ಒಡೆಯ ಅಂತ ಆದಾಗ ನಮ್ಮಪ್ಪಂಗೆ ಆಗಿದ್ದು. ಆಮೇಲೆ ನಂಗೆ ಬಂತು."

"ಹಂಗಾದ್ರೆ ಗಂಡನ್ನ ಕರ್ಕೊಂಡು ಬಾ."

ಮಾರನೇ ದಿನ ಅವನು ಆಟೋದಲ್ಲೇ ಬಂದ. ಹೆಂಡತಿ, ಮಗಳನ್ನು ಇಳಿಸಿ ತಾನು ಜಗುಲಿ ಹತ್ತದೆ ಅಂಗಳದಲ್ಲಿ ನಿಂತ.

"ಅಮ್ಮಾ, ನನ್ನ ಮಗಳು ಡಾಕ್ಟರ್ ಆಗೋಳು. ಇನ್ನೊಂದು ವರ್ಷ ಕೋಚಿಂಗ್ ಕೊಡಿಸ್ತೀನಿ. ನೀವು ಅವಳ ತಲೆ ಕೆಡಿಸ್ಬೇಡಿ. ನೀವು ಓದಿದ್ದು ಎಷ್ಟನೇ ಕ್ಲಾಸು?"

"ಮೂರು. ನಿನ್ನ ಮಗಳು ಹನ್ನೆರಡು ಓದಿ ಬಂದಳು, ಹುರುಳಿ ಗೊತ್ತಿರಲಿಲ್ಲ. ಮೇಲೆ ಬಾ, ಮಳೆಗೆ ನಿಂತು ಜಗಳ ಆಡ್ಬೇಡ."

ಬಂದು ಕೂತ. ನಾನು ಹುಡುಗಿಯನ್ನೇ ಕೇಳಿದೆ, "ಇನ್ನೊಂದು ವರ್ಷ ಕೂರ್ತೀಯನೇ?"

ಅವಳು ಅಪ್ಪನ ಮುಖ ನೋಡಲಿಲ್ಲ. "ಇಲ್ಲ ಅಜ್ಜಿ. ಕೂರಿಸಿದ್ರೆ ಕೂರ್ತೀನಿ, ಓದಕ್ಕಾಗಲ್ಲ. ನಂಗೆ ಅಗ್ರಿಕಲ್ಚರ್ ಬೇಕು" ಅಂದಳು.

"ನಾನಂತೂ ಕೃಷಿಕ ಅಂತ ಬರ್ಕೊಡಲ್ಲ" ಅಂದ ಮಂಜುನಾಥ.

"ನಿನ್ನನ್ನ ಯಾರು ಕೇಳಿದ್ರು? ತಾಯಿ ಕೃಷಿಕಳು. ಅವಳ ಹೆಸರಲ್ಲಿ ಅರ್ಜಿ ಹಾಕ್ಲಿ."

ಅವನ ಮುಖ ಬದಲಾಯಿತು. ಆಗ ನಿಜ ಹೊರಬಿತ್ತು. ಅವನು ಶಾರದಳ ಮನೆಗೆ ಮನೆ ಅಳಿಯನಾಗಿ ಬಂದವನು. ಗದ್ದೆ ಹೆಂಡತಿಯದು. ಕೃಷಿಕ ಅಂತ ಬರೆಸಿದರೆ ಹೆಂಡತಿಯ ಗದ್ದೆ ಉಳುವವನು ಅಂತ ಜನ ಆಡಿಕೊಳ್ಳುತ್ತಾರೆ ಅಂತ ಬಿಸಿನೆಸ್ ಬರೆಸಿದ್ದ. ಈಗ ಅವಳ ಹೆಸರಲ್ಲೇ ಅರ್ಜಿ ಹೋದರೆ ವಿ.ಎ. ಊರಿಗೆ ಬಂದು ನಾಲ್ಕು ಜನರ ಎದುರಿಗೆ ಕೇಳುತ್ತಾನೆ. ವಿ.ಎ. ಅಂದರೆ ಗ್ರಾಮ ಲೆಕ್ಕಿಗ. "ಹೆಂಡ್ತಿ ಅನ್ನ ತಿನ್ನೋನು ಅಂತಾರಮ್ಮ, ನಿಮಗೆಂತ ಗೊತ್ತು" ಅಂದ.

ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಶಾರದ ಮಾತಾಡಿದಳು. ದನಿ ಏರಿಸಲಿಲ್ಲ.

"ಇಷ್ಟು ವರ್ಷ ನಿಮ್ಮ ಮರ್ಯಾದೆಗೆ ಅಂತ ನಾನು ಎಂತದೂ ಮಾಡಲ್ಲ ಅಂತ ಬರೆಸ್ದೆ. ಕೈಯೆಲ್ಲ ಕೆಸರಿಟ್ಕೊಂಡು ಗೃಹಿಣಿ ಅಂತ ಸೈನ್ ಹಾಕ್ದೆ. ಇನ್ನು ಹಾಕಲ್ಲ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ನಾನೊಬ್ಳೇ ನಾಡಕಚೇರಿಗೆ ಹೋಗ್ತೀನಿ."

ಅವನು ಎದ್ದು ಹೋಗಿ ಆಟೋ ಸ್ಟಾರ್ಟ್ ಮಾಡಿದ. ಒಬ್ಬನೇ ಹೋದ. ತಾಯಿ, ಮಗಳು ನಮ್ಮ ಮನೆಯಲ್ಲಿ ಗಂಜಿ ಉಂಡು, ಅಲ್ಲಿಂದ ಬಸ್ಸಿನಲ್ಲೇ ನಾಡಕಚೇರಿಗೆ ಹೋಗಿ, ಪಹಣಿ ಲಗತ್ತಿಸಿ ಹೊಸ ಅರ್ಜಿ ಕೊಟ್ಟರು.

ನಾಲ್ಕನೇ ದಿನ ವಿ.ಎ. ಸ್ಥಳ ನೋಡಲು ಬರುತ್ತೇನೆ ಅಂದ. ಶಾರದ ಫೋನ್ ಮಾಡಿ "ನೀವೂ ಬನ್ನಿ ಗಿರಿಜಕ್ಕ" ಅಂದಳು, ಹೋದೆ. ಅವಳು ಗದ್ದೆಯಲ್ಲಿ ಅಗೆ ಕೀಳುತ್ತಿದ್ದಳು. ಅಗೆ ಅಂದರೆ ನೆಡುವುದಕ್ಕೆ ಬೆಳೆಸಿದ ಭತ್ತದ ಸಸಿ. ಅಂಚಿನ ಮೇಲೆ ಅಕ್ಕಪಕ್ಕದ ಮನೆಯ ಇಬ್ಬರು ಸಾಕ್ಷಿಗೆ ನಿಂತಿದ್ದರು. ಸ್ವಲ್ಪ ದೂರದಲ್ಲಿ ಮಂಜುನಾಥನೂ ಇದ್ದ. ಬಂದಿದ್ದಾನಲ್ಲ ಅಂತ ನೋಡಿದೆ, ಮಾತಾಡಿಸಲಿಲ್ಲ.

ವಿ.ಎ. ಚಿಕ್ಕ ಪ್ರಾಯದವನು, ಪ್ಯಾಂಟು ಮಡಿಸಿಕೊಂಡು ಬಂದ. ಅಭ್ಯಾಸದಂತೆ ಗಂಡಸಿನ ಕಡೆಯೇ ತಿರುಗಿ, "ಯಜಮಾನ್ರೇ, ಯಾವ ತಳಿ ಹಾಕಿದ್ದೀರಿ? ಎಷ್ಟು ದಿನದ ಅಗೆ?" ಅಂತ ಕೇಳಿದ.

ಮಂಜುನಾಥ ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ, ಅಗೆ ಕಟ್ಟು ಕಟ್ಟುತ್ತಲೇ ಇದ್ದಳು. ಹೇಳಿಕೊಡಬಹುದಿತ್ತು. ಕೊಡಲಿಲ್ಲ. ಸಾಕ್ಷಿಗೆ ನಿಂತವನೊಬ್ಬ ಆಗಲೇ ಮೀಸೆಯಡಿ ನಗಲು ಶುರುಮಾಡಿದ್ದ.

"ನಂಗೆ ಗೊತ್ತಿಲ್ಲ ಸಾರ್" ಅಂದ ಮಂಜುನಾಥ. "ನಾನು ಗಾಡಿ ಓಡಿಸೋದು. ಗದ್ದೆ ಅವಳದ್ದು, ಬೇಸಾಯನೂ ಅವಳದ್ದೇ. ಅವಳನ್ನೇ ಕೇಳಿ." ಆಮೇಲೆ ನಗುತ್ತಿದ್ದವನ ಕಡೆ ತಿರುಗಿ, "ಎಂತ ನಗ್ತೀಯ? ನಿನ್ನ ಗದ್ದೆ ಯಾರು ಮಾಡ್ತಾರೆ ಹೇಳ್ಲಾ?" ಅಂದ. ಅವನ ನಗು ನಿಂತಿತು.

ಶಾರದ ಕೆಸರಿನಿಂದ ಎದ್ದು ನಿಂತಳು. "ಇಂಟಾನ್ ಸಾರ್, ಇಪ್ಪತ್ತಾರು ದಿನ" ಅಂದಳು. ವಿ.ಎ. ಬರೆದುಕೊಂಡ. ಎರಡು ದಿನದ ಮೇಲೆ ಪತ್ರ ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಾಕ್ಟಿಕಲ್‌ಗೆ ಶಿವಮೊಗ್ಗಕ್ಕೆ ಅಪ್ಪನೇ ಕರೆದುಕೊಂಡು ಹೋದ. ಹುಡುಗಿ ಎರಡು ಬಿಟ್ಟು ಎಲ್ಲ ಗುರುತಿಸಿ ಪಾಸಾದಳು. ಆದರೆ ಸಿಇಟಿ ರ‍್ಯಾಂಕ್ ಹಿಂದಿತ್ತು. ಮೊದಲ ಸುತ್ತಿನ ಸೀಟು ಹಂಚಿಕೆಯಲ್ಲಿ ಅವಳ ಹೆಸರಿನ ಮುಂದೆ ಏನೂ ಬರಲಿಲ್ಲ. ಅದೇ ದಿನ ಯಾರೋ ಏಜೆಂಟ್ ಫೋನ್ ಮಾಡಿ, ದೂರದ ಊರಿನಲ್ಲಿ ಯಾವುದೋ ಕೋರ್ಸಿಗೆ ಸೀಟು ಖಾತ್ರಿ, ಆದರೆ ಸಂಜೆಯೊಳಗೆ ಹೂಂ ಅನ್ನಬೇಕು ಅಂದನಂತೆ. ಮೂರು ಜನವೂ ಆಟೋ ಹತ್ತಿ ನನ್ನ ಜಗುಲಿಗೆ ಬಂದರು.

"ಎಂತ ಮಾಡದು ಗಿರಿಜಕ್ಕ?"

"ನಂಗೆ ಗೊತ್ತಿಲ್ಲ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎರಡನೇ ಸುತ್ತು ಇತ್ತು. ಅದರಲ್ಲೂ ಬರದಿದ್ದರೆ ಹುಡುಗಿಗೆ ಇನ್ನೊಂದು ವರ್ಷವೂ ಮನೆ. ನನ್ನ ಮಾತು ಕೇಳಿ ಹಾಳಾದರು ಅಂತ ಆಗುತ್ತಿತ್ತು. "ನನಗೆ ಕಾಳು ಗೊತ್ತು, ಕಂಪ್ಯೂಟರು ಗೊತ್ತಿಲ್ಲ. ನೀವೇ ತೀರ್ಮಾನ ಮಾಡಿ."

ಮಂಜುನಾಥ ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಕೊಟ್ಟ. "ಬೇಡ ಅನ್ನೋದಾದ್ರೆ ನೀನೇ ಹೇಳು. ನಾನು ಹೇಳಿದ್ರೆ ಆ ಮನುಷ್ಯ ಮತ್ತೆ ಮತ್ತೆ ಮಾಡ್ತಾನೆ." ಅವಳು ಮಗಳನ್ನು ನೋಡಿದಳು. ಹುಡುಗಿ ಬೇಡ ಅಂತ ತಲೆ ಅಲ್ಲಾಡಿಸಿದಳು. ಶಾರದ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾವು ಕಾಯ್ತೀವಿ. ಮತ್ತೆ ಫೋನ್ ಮಾಡ್ಬೇಡಿ."

ಕಾದರು. ಎರಡನೇ ಸುತ್ತಿನಲ್ಲಿ ಬಂತು. ಕೇಳಿದ್ದ ಅಗ್ರಿಕಲ್ಚರ್ ಸಿಗಲಿಲ್ಲ, ತೋಟಗಾರಿಕೆ ಸಿಕ್ಕಿತು. ಕೇಳಿದ ಕಾಲೇಜೂ ಅಲ್ಲ, ಬಯಲುಸೀಮೆಯ ದೂರದ ಕಾಲೇಜು. ಹುಡುಗಿ ಹೋಗಿ ಸೇರಿದಳು. ಈಗ ಮೂರನೇ ವರ್ಷದಲ್ಲಿ ಇದ್ದಾಳೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಬರೆದು ಪಾಸಾದಳಂತೆ. ಆಗಲಿ. ಫೇಲಾಗುವುದು ಅವಳಿಗೆ ಹೊಸದಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇದು. ಮಕ್ಕಳಿಗೆ ಸೀಟು ಸಿಗದಿದ್ದಾಗ ಅಪ್ಪ ಅಮ್ಮ ತಲೆ ಸವರಿ ಸಮಾಧಾನ ಹೇಳುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಸಿಗಂದೂರಿಗೆ ಹೋಗಿ ಬರುತ್ತಾರೆ. ಹೋಗಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ತಾವು ಮಾಡುವ ಕೆಲಸ ಏನು ಅಂತ ನಾಲ್ಕು ಜನರ ಎದುರು ಹೇಳಲು ನಾಚುವ ಅಪ್ಪ ಅಮ್ಮ, ಸೋತ ಮಗುವಿಗೆ ನಾಚಿಕೆ ಪಡಬೇಡ ಅಂತ ಯಾವ ಬಾಯಲ್ಲಿ ಹೇಳುತ್ತಾರೆ? ಮಗು ಕೇಳುವುದಿಲ್ಲ. ಅದು ನಿಮ್ಮನ್ನು ನೋಡಿಯೇ ನಾಚಲು ಕಲಿತಿದ್ದು.

ಹೋದ ತಿಂಗಳು ಹೊಸನಗರ ಕಡೆಯ ಗಂಡ ಹೆಂಡತಿ ಮಗನನ್ನು ಕರೆದುಕೊಂಡು ಬಂದರು. ನಾನು ಕಾಳು ತೆಗೆಯುವ ಮೊದಲು ಹೆಂಗಸಿಗೆ, "ನೀನು ಎಂತ ಕೆಲಸ ಮಾಡ್ತೀಯ?" ಅಂತ ಕೇಳಿದೆ. ಗಂಡ ಅವಳಿಗಿಂತ ಮುಂಚೆ ಬಾಯಿ ಹಾಕಿದ: "ಅವಳೆಂತ ಮಾಡ್ತಾಳೆ, ಮನೇಲೇ ಇರ್ತಾಳೆ." ಅವಳ ಹಿಮ್ಮಡಿ ನೋಡಿದೆ, ಗದ್ದೆಯ ನೀರಿಗೆ ಒಡೆದಿತ್ತು.

ಬಾಟಲಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. "ಬಸ್ಸಿಗೆ ಇನ್ನೂ ಹೊತ್ತುಂಟು" ಅಂದೆ. "ಅವಳು ಎಂತ ಮಾಡ್ತಾಳೆ ಅಂತ ಅವಳ ಬಾಯಿಂದ ಕೇಳೋ ತನಕ ನಾನು ಇದನ್ನ ತೆಗೆಯಲ್ಲ."