ಡಬ್ಬಿಯ ತಳದ ನಂಬರು

ನಮ್ಮ ದೊಡ್ಡಪ್ಪ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮದುವೆಯ ಗೋಜಿಗೆ ಹೋಗದೆ, ಮಹಡಿ ಮೇಲಿನ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಹಿಂದೆ ಕಾರ್ಖಾನೆಯವರು ಕೆಲಸಗಾರರಿಗೆಲ್ಲ ಕೊಟ್ಟ ನಾಲ್ಕು ಷೇರುಗಳೇ ಅವರ ಆಸ್ತಿ. ಅದರ ದುಡ್ಡಿನ ಮೇಲೆ ಅವರಿಗೆ ಕಣ್ಣಿರಲಿಲ್ಲ. ಕಣ್ಣಿದ್ದದ್ದು ಷೇರುದಾರರ ವರ್ಷದ ಸಭೆಯ ಮೇಲೆ. ಇಸ್ತ್ರಿ ಅಂಗಿ ತೊಟ್ಟು, ಕಾರ್ಖಾನೆಯ ಗೆಳೆಯ ಉದ್ದಣ್ಣನ ಪಕ್ಕದ ಕುರ್ಚಿ ಹಿಡಿದು, ಭಾಷಣಕ್ಕೆಲ್ಲ ತೂಕಡಿಸಿ, ಬಿಟ್ಟಿ ಟೀ ಕುಡಿದು ಬರುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆಯುವವರು ಸಿಗುತ್ತಿದ್ದದ್ದು ಅದೊಂದೇ ದಿನ.

ಹೋದ ವರ್ಷ ಉದ್ದಣ್ಣ ತೀರಿಕೊಂಡ. ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ದೊಡ್ಡಪ್ಪ ಆ ಮನೆ ಕಡೆ ತಲೆ ಹಾಕಲಿಲ್ಲ. ಹೇಡಿತನ ಅಂತ ನಾನು ಮುಖಕ್ಕೇ ಅಂದಿದ್ದೆ.

ಈ ಸಲ ಷೇರಿನ ಫೋಲಿಯೊ ನಂಬರ್, ಅಂದರೆ ಷೇರುದಾರರ ಖಾತೆಯ ನಂಬರ್, ಹೇಳದಿದ್ದರೆ ಸಭೆಗೆ ಪ್ರವೇಶವಿಲ್ಲವೆಂದು ಹೊಸ ನಿಯಮ ಬಂತು. ಷೇರಿನ ಕಾಗದ ಯಾವ ಕಾಲಕ್ಕೋ ಗೆದ್ದಲಿನ ಪಾಲಾಗಿತ್ತು. ದೊಡ್ಡಪ್ಪ ಜಗ್ಗಲಿಲ್ಲ. ಫಿಟ್ಟರುಗಳಿಗೆ ಕಾಗದದ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಕಾರ್ಖಾನೆ ಕೊಟ್ಟ ಒಂದೇ ಬಗೆಯ ಉಕ್ಕಿನ ಊಟದ ಡಬ್ಬಿಗಳ ತಳಕ್ಕೆ ಅಂಕಿಯ ಅಚ್ಚು ಇಟ್ಟು, ಸುತ್ತಿಗೆಯಿಂದ ಬಡಿದು, ಎಲ್ಲರೂ ತಮ್ಮ ತಮ್ಮ ಫೋಲಿಯೊ ನಂಬರ್ ಒತ್ತಿಕೊಂಡಿದ್ದರು. ದೊಡ್ಡಪ್ಪ ಡಬ್ಬಿ ಬೋರಲು ಹಾಕಿ, ಷೇರು ಕಚೇರಿಯ ಹುಡುಗಿಗೆ ಫೋನಿನಲ್ಲಿ ಓದಿದರು.

“ಈ ನಂಬರ್ ನಿಮ್ಮ ಹೆಸರಲ್ಲಿಲ್ಲ ಸರ್.”

ದೊಡ್ಡಪ್ಪ ಮಂಚದ ಮೇಲೆ ಕೂತುಬಿಟ್ಟರು. “ಹಂಗಾದ್ರೆ ಇದು ಉದ್ದಣ್ಣಂದು ಕಣೇ,” ಅಂದರು ನನ್ನ ಕಡೆ ತಿರುಗಿ. ಇಬ್ಬರೂ ದಿನಾ ಡಬ್ಬಿ ಅದಲುಬದಲು ಮಾಡಿಕೊಂಡು ಉಣ್ಣುತ್ತಿದ್ದರಂತೆ. ಕೆಲಸದ ಕೊನೆಯ ದಿನ ವಾಪಸ್ ಮಾಡುವುದು ಇಬ್ಬರಿಗೂ ಹೊಳೆದಿರಲಿಲ್ಲ.

ನಾನೇ ಅವರನ್ನು ಉದ್ದಣ್ಣನ ಮನೆಗೆ ಎಳೆದುಕೊಂಡು ಹೋದೆ. ಉದ್ದಣ್ಣನ ಹೆಂಡತಿ ಅಲ್ಲೇ ಉಳಿದುಹೋಗಿದ್ದ ದೊಡ್ಡಪ್ಪನ ಡಬ್ಬಿಯಲ್ಲಿದ್ದ ಸೂಜಿ, ದಾರ, ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಖಾಲಿ ಡಬ್ಬಿ ಕೈಗಿತ್ತರು.

“ಬರ್ತೀರ ಅಂತ ದಾರಿ ನೋಡ್ತಾನೇ ಇದ್ದೆ,” ಅಂದರು. “ನೀವು ಬರೋಕೆ ಒಂದು ನಂಬರ್ ಬೇಕಾಯ್ತು.”

ದೊಡ್ಡಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಂಬರ್ ಬರೆದುಕೊಂಡು, ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿ, ಅಲ್ಲೇ ಬಿಟ್ಟು ಬಂದರು.

ನಂಬರ್ ಸರಿಹೋಯಿತು. ಕಚೇರಿಯ ಹುಡುಗಿ, “ಈ ವರ್ಷ ಹಾಲ್ ಇಲ್ಲ ಸರ್, ಮನೇಲೇ ಕೂತು ಫೋನಲ್ಲಿ ಈ ನಂಬರ್ ಒತ್ತಿ ನೋಡಬಹುದು,” ಅಂದಳು.

“ಟೀ?”

“ಟೀ ನೀವೇ ಮಾಡ್ಕೋಬೇಕು.”

ಸಭೆಯ ದಿನ ನಾನು ಹೋದಾಗ ಅವರು ಇಸ್ತ್ರಿ ಅಂಗಿ ತೊಟ್ಟು, ಗೋಡೆಗೆ ಫೋನು ಒರಗಿಸಿ ಕೂತಿದ್ದರು. ಪರದೆಯ ತುಂಬ ಸಭೆಗೆ ಸೇರಿದವರ ಬರೀ ಹೆಸರುಗಳು, ಅವರದೊಂದು ಬಿಟ್ಟರೆ ಒಂದೂ ಪರಿಚಯದ್ದಲ್ಲ. ಸ್ವಲ್ಪ ಹೊತ್ತು ನೋಡಿ, ತಮ್ಮ ಬಳಿಯಿದ್ದ ಉದ್ದಣ್ಣನ ಡಬ್ಬಿಯನ್ನು ಬೋರಲು ಹಾಕಿ ನನ್ನ ಕಡೆ ತಳ್ಳಿದರು.

“ನಿನ್ನ ಫೋನಲ್ಲಿ ಇದನ್ನ ಒತ್ತು.”

ಒತ್ತಿದೆ. ಸತ್ತವನ ಹೆಸರನ್ನು ಕಚೇರಿ ಇನ್ನೂ ತೆಗೆದಿರಲಿಲ್ಲ. ದೊಡ್ಡಪ್ಪನ ಹೆಸರಿನ ಕೆಳಗೇ ಅದು ಬಂದು ಕೂತಿತು. ಉದ್ದಣ್ಣನ ನಿಜವಾದ ಹೆಸರು ನನಗೆ ಗೊತ್ತಾದದ್ದೇ ಆಗ.

ದೊಡ್ಡಪ್ಪ ಎದ್ದು ಹೋಗಿ ಎರಡು ಲೋಟ ಟೀ ತಂದರು. ಒಂದನ್ನು ತಾವು ಹಿಡಿದರು, ಇನ್ನೊಂದನ್ನು ಡಬ್ಬಿಯ ಪಕ್ಕದಲ್ಲಿಟ್ಟರು.